ಗೋಡೆಯ ಮೇಲಿನ ತೊರಕೆ

ಮನುಷ್ಯನ ಅಂತಸ್ತನ್ನು ಅವನ ಮನೆಯ ಮೀನಿನಿಂದ ಅಳೆಯುವವರು ನಾವು, ಕರಾವಳಿಯವರು. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ. ಕುವೈತಿಗೆ ಬಂದ ಮೇಲೆ ನನಗೆ ಈ ಚಾಳಿ ಇನ್ನೂ ಹೆಚ್ಚಾಯಿತು. ನಮ್ಮೂರ ಮಾಂಜಿ, ಅಂದರೆ ಪಾಂಫ್ರೆಟ್ ಮೀನು, ಇಲ್ಲಿ ಜುಬೈದಿ. ಅತಿಥಿಗೆ ಅದನ್ನು ಬಡಿಸಿದರೆ ಮರ್ಯಾದೆ. ಉದ್ದ ಬಾಲದ ಚಪ್ಪಟೆ ಮೀನು, ಅಗ್ಗದ ತೊರಕೆಯನ್ನು ಮಾತ್ರ ಬಾಗಿಲು ಹಾಕಿಕೊಂಡು ತಿನ್ನಬೇಕು. ಹುಳಿ-ಖಾರ ಹಾಕಿ ಮಾಡುವ ಅದರ ಪುಳಿಮುಂಚಿಯಷ್ಟು ರುಚಿ ಬೇರೆ ಯಾವ ಮೀನಿಗೂ ಇಲ್ಲವೆಂಬುದು ಬೇರೆ ಮಾತು.

ಇಂಥ ನನ್ನ ಊಟದ ಮೇಜಿನ ಎದುರಿಗೇ ಮಗಳು ನವ್ಯಾ ಒಂದು ಚಿತ್ರ ತೂಗುಹಾಕಿದಳು. ಹದಿನೆಂಟನೇ ಶತಮಾನದ ಫ್ರೆಂಚ್ ಕಲೆಯ ಬಗ್ಗೆ ಶಾಲೆಯಲ್ಲಿ ಓದಿ ಅವಳೇ ನಕಲು ಮಾಡಿದ್ದು: ಅಡಿಗೆಮನೆಯ ಕೊಕ್ಕೆಯಲ್ಲಿ ನೇತಾಡುವ, ಹೊಟ್ಟೆ ಸೀಳಿದ ತೊರಕೆ! ಆ ಕಾಲದಲ್ಲಿ ರಾಜರನ್ನೂ ದೇವತೆಗಳನ್ನೂ ಬರೆಯುವವರಿಗೆ ಮೊದಲ ಪಂಕ್ತಿಯಂತೆ. ಹಣ್ಣು, ಮೀನು, ಪಾತ್ರೆ ಬರೆಯುವವರಿಗೆ ಕೊನೆಯದಂತೆ. "ನಿನಗೆ ಕೊನೆಯ ಪಂಕ್ತಿಯೇ ಯಾಕೆ ಬೇಕಿತ್ತು ಮಗಾ? ಹೋಗಲಿ, ಬಾಲ ಅಳಿಸಿ ಜುಬೈದಿ ಮಾಡು," ಎಂದೆ. "ಪಪ್ಪಾ, ಪ್ಲೀಸ್! ಇಟ್ಸ್ ಆರ್ಟ್, ನಾಟ್ ಎ ಮೆನು," ಎಂದಳು.

ನನ್ನ ಸಂಕಟ ಅವಳಿಗೆ ಹೇಗೆ ಗೊತ್ತಾಗಬೇಕು? ಆ ಶುಕ್ರವಾರ ಮಧ್ಯಾಹ್ನ ಮ್ಯಾನೇಜರ್ ಪಿಂಟೋ ಸರ್ ಊಟಕ್ಕೆ ಬರುವವರಿದ್ದರು. ಖಾಲಿಯಿದ್ದ ಸೂಪರ್‌ವೈಸರ್ ಹುದ್ದೆಗೆ ಅವರ ಮುಂದೆ ಎರಡು ಹೆಸರುಗಳಿದ್ದವು: ಒಂದು ನನ್ನದು, ಇನ್ನೊಂದು ಪಕ್ಕದ ಫ್ಲ್ಯಾಟಿನ ಸದಾನಂದನದು. ಹೆಂಡತಿ ವಾರಿಜಾ ಮಾತ್ರ ನಿಶ್ಚಿಂತೆಯಿಂದ ಅತಿಥಿಗೆ ಜುಬೈದಿ ಹುರಿದಳು. ಜೊತೆಗೆ, "ಈ ಚಿತ್ರ ನೋಡಿ ನೋಡಿ ಆಸೆ ಆಗ್ತದೆ ಮಾರಾಯ್ರೆ," ಎಂದು ನಮಗಾಗಿ ತೊರಕೆ ಪುಳಿಮುಂಚಿಯನ್ನೂ ಮಾಡಿ ಮುಚ್ಚಿಟ್ಟಳು.

ಪಿಂಟೋ ಸರ್ ಕೂತವರೇ ಚಿತ್ರವನ್ನು ದಿಟ್ಟಿಸಿದರು. "ತೊರಕೆ ಅಲ್ವಾ ಇದು?"

"ಚಿತ್ರ ಮಾತ್ರ ಸರ್! ಅದನ್ನು ಮನೆಯೊಳಗೆ ತರುವ ಕ್ರಮವೇ ನಮ್ಮಲ್ಲಿಲ್ಲ."

ಅವರ ಮುಖ ಬಾಡಿತು. "ನಮ್ಮಲ್ಲೂ ಹಾಗೇ. ಮಿಸೆಸ್‌ಗೆ ಪ್ರೆಸ್ಟೀಜ್. ತಿನ್ನದೆ ಎಷ್ಟು ವರ್ಷ ಆಯ್ತೋ," ಎಂದು ಜುಬೈದಿಯನ್ನು ತಟ್ಟೆಯಲ್ಲಿ ಆಚೀಚೆ ಸರಿಸಿದರು. ಆಮೇಲೆ ಮೂಗರಳಿಸಿ, "ಆದ್ರೆ ಪರಿಮಳ ಬರ್ತಾ ಉಂಟಲ್ಲ?" ಎಂದರು.

ಅಡಿಗೆಮನೆಯ ಬಾಗಿಲಲ್ಲಿ ವಾರಿಜಾ ಸೌಟು ಹಿಡಿದು, ತರಲೇ ಎಂದು ಕಣ್ಣಲ್ಲೇ ಕೇಳಿದಳು. ತಾ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆಗಷ್ಟೇ ಹೇಳಿದ ಸುಳ್ಳಿನ ಮಾನ ಕಾಯಬೇಕಲ್ಲ! "ಪಕ್ಕದ ಮನೆಯದ್ದು ಸರ್. ಸದಾನಂದನವರಲ್ಲಿ ಯಾವಾಗಲೂ ಅದೇ," ಎಂದುಬಿಟ್ಟೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಬಿತ್ತೆಂದು ಒಳಗೊಳಗೇ ಬೀಗಿದೆ ಕೂಡ.

ಕೈ ತೊಳೆದು ಹೊರಟ ಪಿಂಟೋ ಸರ್ ಲಿಫ್ಟಿನ ಕಡೆ ಹೋಗಲಿಲ್ಲ, ಸದಾನಂದನ ಮನೆಯ ಬೆಲ್ ಒತ್ತಿದರು. ಸ್ವಲ್ಪ ಹೊತ್ತಿನಲ್ಲೇ ಸದಾನಂದನ ಹೆಂಡತಿ ಸುಮತಿ ನಮ್ಮಲ್ಲಿಗೆ ಓಡಿ ಬಂದಳು. "ಅಕ್ಕಾ, ಸರ್ ಬಂದು ತೊರಕೆ ಉಂಟಾ ಅಂತ ಕೇಳ್ತಿದ್ದಾರೆ. ನಿಮ್ಮಲ್ಲಿ ಪರಿಮಳ ಬರ್ತಿತ್ತು. ಸ್ವಲ್ಪ ಕೊಡ್ತೀರಾ?"

ವಾರಿಜಾ ನನ್ನ ಮುಖವನ್ನೊಮ್ಮೆ ನೋಡಿ, ಪಾತ್ರೆಯನ್ನೇ ಎತ್ತಿ ಕೊಟ್ಟಳು.

ಸದಾನಂದನನ್ನು ನಾನೀಗ ಆಫೀಸಿನಲ್ಲಿ ಸರ್ ಎನ್ನುತ್ತೇನೆ. ಪಾತ್ರೆ ಇನ್ನೂ ವಾಪಸು ಬಂದಿಲ್ಲ. ಮೇಲಧಿಕಾರಿಯ ಹತ್ತಿರ ಹೇಗೆ ಕೇಳುವುದು?