ಸಾಬೂನುಪುಡಿ ಕಾರ್ಖಾನೆಯ ಹಿಂಬದಿಯ ಕೊಳವೆಯವರ ಸನ್ನಿಧಿಗೆ

ಮಾನ್ಯ ಕೊಳವೆಯವರೇ,

ಹೊಳೆಯ ಕೆಳದಂಡೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಒದ್ದೆ ಕೈಗಳನ್ನೇ ಜೋಡಿಸಿ ಸಲ್ಲಿಸುತ್ತಿರುವ ನಮಸ್ಕಾರಗಳನ್ನು ಸ್ವೀಕರಿಸಬೇಕು. ಈ ಪತ್ರ ನ್ಯಾಯವಾಗಿ ತಮ್ಮ ವ್ಯವಸ್ಥಾಪಕರಿಗೆ ಸಲ್ಲಬೇಕಿತ್ತು. ಆದರೆ ಅವರು ನನ್ನ ಮೂರು ಪತ್ರಗಳಿಗೆ ಸೇರಿಸಿ, ತಮ್ಮಿಂದ ಹೊರಡುವ ನೀರು ಮೀನು ಬದುಕುವಷ್ಟು ಶುದ್ಧವೆಂದು ಒಂದೇ ಸಾಲು ಬರೆದು ಕೈತೊಳೆದುಕೊಂಡರು. ಖುದ್ದಾಗಿ ಹೋಗಿ ಕೇಳೋಣವೆಂದರೆ, ಗೇಟಿನ ಕಾವಲುಗಾರ ತಲೆಯೆತ್ತಿದರೆ ಸಾಕು, ನಾನು ಬಸ್ಸಿನ ವೇಳೆ ಕೇಳಿಕೊಂಡು ಹಿಂದಿರುಗುತ್ತೇನೆ. ಇಡೀ ಕಾರ್ಖಾನೆಯಲ್ಲಿ ನಮ್ಮ ಕಡೆಗೆ ಸದಾ ಬಾಯಿ ತೆರೆದಿರುವವರು ತಾವೊಬ್ಬರೇ.

ನನ್ನ ಸೋದರತ್ತೆ ತಮ್ಮಿಂದ ಕೂಗಳತೆಯ ದೂರದಲ್ಲಿ, ಇದೇ ಹೊಳೆಯ ನೀರನ್ನು ತೊಟ್ಟಿಗಳಿಗೆ ಹಾಯಿಸಿ, ಮೀನುಮರಿ ಕೇಂದ್ರ ನಡೆಸುತ್ತಾರೆ. ಸಾಹಿತ್ಯ ಓದಿ ಮನೆಯಲ್ಲಿ ಕೂತಿದ್ದ ನನಗೆ ಅವರು ಕೊಟ್ಟ ಕೆಲಸವೆಂದರೆ, ಮೀನಿನ ಕಣ್ಣಿಗೆ ಒದ್ದೆ ಬಟ್ಟೆ ಹೊದಿಸಿ ಎದೆರೆಕ್ಕೆ ಸವರಿ ನೋಡುವುದು, ಒರಟಾಗಿದ್ದರೆ ಗಂಡಿನ ತೊಟ್ಟಿಗೆ, ನಯವಾಗಿದ್ದರೆ ಹೆಣ್ಣಿನ ತೊಟ್ಟಿಗೆ ಬಿಟ್ಟು ಚೀಟಿ ಅಂಟಿಸುವುದು. ಈ ಸಲ ಎಲ್ಲ ರೆಕ್ಕೆಗಳೂ ನಯವಾಗಿದ್ದವು. ಮೂರು ದಿನ ಸವರಿ ಸವರಿ ನನ್ನ ಬೆರಳು ಸುಕ್ಕುಗಟ್ಟಿತೇ ಹೊರತು ಗಂಡು ಸಿಗಲಿಲ್ಲ. ಕೊನೆಗೆ ಅಂದಾಜಿನ ಮೇಲೆ ಚೀಟಿ ಅಂಟಿಸಿದೆ. ಅತ್ತೆ 'ಗಂಡು' ತೊಟ್ಟಿಯ ಮೀನೊಂದನ್ನು ಕೊಯ್ದು ನೋಡಿದರೆ ಒಳಗೆ ಸಾಸಿವೆಯಂಥ ಮೊಟ್ಟೆಗಳು.

"ಹದಿನೇಳು ವರ್ಷ ಓದಿದೀಯ, ಗಂಡ್ಯಾವ್ದು ಹೆಣ್ಯಾವ್ದು ಅಂತ ಗೊತ್ತಾಗಲ್ವಲ್ಲೇ ನಿಂಗೆ," ಎಂದರು ಅತ್ತೆ. ನಾನು ತೊಟ್ಟಿಯಂಚಿನ ಪಾಚಿಯನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ಅತ್ತೆ ಕರೆಸಿದ ಮೀನುಗಾರಿಕೆ ಪರೀಕ್ಷಾಲಯದ ಮೇಡಂ ಬಂದು, ಕೊಯ್ದ ಮೀನನ್ನೂ ನೀರನ್ನೂ ಪರೀಕ್ಷಿಸಿ ನನ್ನ ಮಾನ ಉಳಿಸಿದರು. ಅದು ಗಂಡೇ ಅಂತೆ. ತಮ್ಮ ನೀರಿನಲ್ಲಿ ಕರಗಿರುವ ರಾಸಾಯನಿಕವೊಂದು ಹೆಣ್ಣಿನ ಹಾರ್ಮೋನಿನ ವೇಷ ಹಾಕಿ ಮೈಯೊಳಗೆ ಹೊಕ್ಕು, ಬೀಜ ಕಟ್ಟಬೇಕಾದಲ್ಲಿ ಮೊಟ್ಟೆ ಕಟ್ಟಿಸುತ್ತದಂತೆ. ಕೊಳವೆಯವರೇ, ತಮ್ಮ ಸಾಮರ್ಥ್ಯಕ್ಕೆ ತಲೆಬಾಗಿದೆ. ಗಂಡಿಗೂ ಬಸಿರಿನ ಕಷ್ಟ ಗೊತ್ತಾಗಲಿ ಎಂದು ಹೆಂಗಸರು ತಲೆತಲಾಂತರದಿಂದ ಹಾಕುತ್ತ ಬಂದ ಶಾಪವನ್ನು ತಾವು ಸದ್ದಿಲ್ಲದೆ ಈಡೇರಿಸಿದ್ದೀರಿ. ವಿಳಾಸ ಮಾತ್ರ ತಪ್ಪಿ ಮೀನಿಗೆ ತಲುಪಿತು.

ತಮ್ಮ ವ್ಯವಸ್ಥಾಪಕರೂ ಸುಳ್ಳಾಡಿಲ್ಲ. ಮೀನುಗಳು ಬದುಕಿವೆ, ದುಂಡಗಿವೆ, ನೆಮ್ಮದಿಯಾಗಿ ಈಜುತ್ತಿವೆ. ಮರಿ ಒಂದೂ ಇಲ್ಲ, ಅಷ್ಟೇ. ಈ ತಿಂಗಳೊಳಗೆ ಮರಿಯಾಗದಿದ್ದರೆ ಇಪ್ಪತ್ತು ವರ್ಷದ ಕೇಂದ್ರಕ್ಕೆ ಬೀಗ ಹಾಕುವುದಾಗಿ ಅತ್ತೆ ಹೇಳಿದ್ದಾರೆ, ಅವರು ತಮಾಷೆಗೆ ಮಾತಾಡುವವರಲ್ಲ. ಆದ್ದರಿಂದ ಸಣ್ಣ ವಿನಂತಿಗಳು: ಸಂತಾನಕಾಲ ಮುಗಿಯುವ ತನಕ ತಾವು ಉಸಿರು ಬಿಗಿಹಿಡಿಯಬೇಕು, ಅದಾಗದಿದ್ದರೆ ಬಸುರಿ ಗಂಡುಗಳಿಗೆ ತಮ್ಮ ವ್ಯವಸ್ಥಾಪಕರೇ ನಿಂತು ಬಾಣಂತನ ಮಾಡಬೇಕು, ಅದೂ ಆಗದಿದ್ದರೆ ಕತ್ತನ್ನು ಹಿಂದಕ್ಕೆ ಹೊರಳಿಸಿ, ಅಷ್ಟು ಶುದ್ಧವಾದ ನೀರನ್ನು ಕಾರ್ಖಾನೆಯ ಮುಂಬಾಗಿಲಿನ ಕಾರಂಜಿ ಕೊಳಕ್ಕೇ ಹರಿಸಬೇಕು. ಆ ಕೊಳಕ್ಕೆ ದಿನವೂ ಕುಡಿಯುವ ನೀರು ತುಂಬಿಸುತ್ತಾರೆಂದು ಅಲ್ಲಿನ ತೋಟದ ಮಾಲಿ ಹೇಳಿದಾಗ ತಮಗಾದ ಅವಮಾನ ನೆನೆದು ನನಗೇ ಸಂಕಟವಾಯಿತು.

ತಮ್ಮ ಬಾಯಿಂದ ಬಿದ್ದದ್ದನ್ನೆಲ್ಲ ನುಂಗಿಕೊಂಡೇ ಬಂದಿರುವ,
ತಮ್ಮ ವಿಶ್ವಾಸಿ,
ಕೆಳದಂಡೆಯ ಚೀಟಿ ಬರೆಯುವವಳು

ಮರೆತ ಮಾತು: ಕತ್ತು ಹೊರಳಿಸುವ ವಿನಂತಿಯನ್ನು ದಯವಿಟ್ಟು ಸದ್ಯಕ್ಕೆ ತಡೆಹಿಡಿಯಿರಿ. ಅತ್ತೆ ಮೊನ್ನೆ ಮೇಲ್ಹೊಳೆಯಿಂದ ಎಂಟು ಜೋಡಿ ಮೀನು ತಂದು, ಮಾಲಿಯನ್ನು ಒಲಿಸಿಕೊಂಡು, ಆ ಕಾರಂಜಿ ಕೊಳಕ್ಕೇ ಬಿಟ್ಟಿದ್ದಾರೆ. ಗಂಡಿನ ರೆಕ್ಕೆಗಳನ್ನು ನಾನೇ ಸವರಿ ನೋಡಿದೆ, ಉಪ್ಪುಕಾಗದದಷ್ಟು ಒರಟು. ಇಂದು ಬೆಳಿಗ್ಗೆ ಕೊಳದ ತುಂಬ ಕಣ್ಣು ಮಾತ್ರ ಕಾಣುವಂಥ ಮರಿಗಳು. ತಮ್ಮ ವ್ಯವಸ್ಥಾಪಕರು ಅತಿಥಿಗಳನ್ನು ಕರೆತಂದು, ಇದು ಕಾರ್ಖಾನೆಯ ನೀರಿನ ಮಹಿಮೆ ಎಂದು ತೋರಿಸುತ್ತಿದ್ದಾರಂತೆ. ಮರಿಗಳನ್ನು ನಾವು ಸಾಗಿಸಿಕೊಳ್ಳುವ ತನಕ ಅವರು ಹಾಗೆಯೇ ಹೇಳಿಕೊಂಡಿರಲಿ; ತಾವೂ ಬಾಯಿಬಿಡಬೇಡಿ.