ಮೂರು ಕಣ್ಣಿನ ಪ್ರಾಣಿಯ ಮೇಲೆ ನನ್ನ ಭಾಷಣ

ಸಿನಿಮಾದವರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಒಳ್ಳೆಯ ಕಾದಂಬರಿಯೊಂದು ಕೈಗೆ ಸಿಕ್ಕಿದರೆ ಸಾಕು, ಅದರ ತಿರುಳನ್ನೆಲ್ಲ ಬಿಸಾಡಿ ಸಿಪ್ಪೆಗೆ ಬಣ್ಣ ಬಳಿದು ತೋರಿಸುತ್ತಾರೆ. (ಕಾದಂಬರಿಗಳನ್ನು ನಾನು ಓದುವುದಿಲ್ಲ. ಅದು ಬೇರೆ ವಿಷಯ.)

ನಮ್ಮ ಮನೆಯಲ್ಲಿ ಶ್ರಮವಿಭಜನೆಯಿದೆ. ನಾನು ಸಿನಿಮಾ ನೋಡುತ್ತೇನೆ. ಕೆಲಸಕ್ಕೆ ಹೋಗಿಬರುವ ಬಸ್ಸಿನಲ್ಲಿ ನನ್ನ ಹೆಂಡತಿ ಅದರ ಮೂಲ ಕಾದಂಬರಿ ಓದುತ್ತಾಳೆ. ಸಂಜೆ ಅವಳು ತರಕಾರಿ ಹೆಚ್ಚುತ್ತಾ ಕಥೆ ಹೇಳಿದರೆ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು "ಆಮೇಲೆ? ಆಮೇಲೆ?" ಎಂದು ಕೇಳಿ, ಎರಡನ್ನೂ ತೂಗಿ ತೀರ್ಪು ಕೊಡುತ್ತೇನೆ. ಈ ತೀರ್ಪುಗಳನ್ನು ನನ್ನ ಕನ್ನಡಕದ ಅಂಗಡಿಗೆ ಬಂದವರಿಗೆಲ್ಲ ಹಂಚುತ್ತಿದ್ದೆ. ಅದು ಗ್ರಂಥಾಲಯದ ಮೇಡಂ ಕಿವಿಗೂ ಬಿದ್ದು, ಓದುಗರ ಕೂಟದಲ್ಲಿ ಮಾತಾಡಲು ಕರೆದರು. ಚೆನ್ನಾಗಿ ಬಂದರೆ ಪ್ರತಿ ತಿಂಗಳೂ ನೀವೇ ಎಂದರು. ಜನ್ಮದಲ್ಲಿ ಮೊದಲ ಸಲ ಯಾರೋ ನನ್ನನ್ನು ವಿಮರ್ಶಕ ಎಂದಿದ್ದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೆಂಡತಿ ಮಾತ್ರ, ಹೋಗುವ ಮೊದಲು ಪುಸ್ತಕವನ್ನು ಒಮ್ಮೆಯಾದರೂ ತೆರೆದು ನೋಡಿ ಎಂದಳು. ನೀನು ಓದಿದ್ದೀಯಲ್ಲ, ಮನೆಗೊಬ್ಬರು ಸಾಕು ಎಂದೆ. ಅವಳು ಪುಸ್ತಕವನ್ನು ನನ್ನ ಕುರ್ಚಿಯ ಮೇಲಿಟ್ಟು ಹೋದಳು.

ಅಂದು ಕೂಟದಲ್ಲಿ ನಾನು ಎತ್ತಿಕೊಂಡದ್ದು ಬೇರೆ ಗ್ರಹದಿಂದ ಬಂದ ಮೂರು ಕಣ್ಣಿನ ಪ್ರಾಣಿಯ ಕಥೆ. ಸಿನಿಮಾದಲ್ಲಿ ಅದು ಕಣ್ಣಿಂದ ಬೆಂಕಿ ಉಗುಳಿ ಊರು ಸುಡುತ್ತದೆ, ಅಷ್ಟೇ. ಕಾದಂಬರಿಯಲ್ಲಿ ಎಂಥ ಆಳ ನೋಡಿ, ಎಂದೆ. ಮೂರು ಕಣ್ಣಿದ್ದರೂ ಎದುರಿಗಿರುವ ವಸ್ತು ಅದಕ್ಕೆ ಕಾಣುವುದಿಲ್ಲ. ಬೀರುವಿನ ಬಾಗಿಲು ತೆರೆದು ನಿಂತು "ಎಲ್ಲಿದೆ, ಎಲ್ಲಿದೆ" ಎಂದು ಇಡೀ ಗ್ರಹವನ್ನೇ ಎಬ್ಬಿಸುತ್ತದೆ. ಎಂದೋ ಒಂದು ಲೋಟ ತೊಳೆದಿಟ್ಟ ಸಾಹಸವನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತದೆ. ಇಂಥ ಜೀವಿ ಈ ಭೂಮಿಯ ಮೇಲೆ ಎಲ್ಲಾದರೂ ಉಂಟೇ ಎಂದು ಮೇಜು ಕುಟ್ಟಿ ಕೇಳಿದೆ. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಭಾಷಣ ಹಿಡಿಸಿದೆ ಎಂದುಕೊಂಡೆ.

ಮೇಡಂ ಪುಸ್ತಕ ತಿರುವುತ್ತಾ ಎದ್ದರು. "ಸರ್, ಇದೆಲ್ಲ ಯಾವ ಪುಟದಲ್ಲಿದೆ? ಇದರಲ್ಲಿ ಆ ಪ್ರಾಣಿ ಭೂಮಿಗೆ ಇಳಿದ ಕೂಡಲೇ ಸತ್ತುಹೋಗುತ್ತಲ್ಲ."

ಹಿಂದಿನ ಸಾಲಿನಲ್ಲಿದ್ದ ಹೆಂಡತಿಯ ಕಡೆ ನೋಡಿದೆ.

"ಅಷ್ಟು ಬೇಗ ಸತ್ತರೆ ಇವರಿಗೆ ಬೇಜಾರಾಗುತ್ತೆ ಅಂತ ನಾನೇ ಬದುಕಿಸಿದೆ," ಎಂದಳು ಮೆಲ್ಲಗೆ.

ಮೇಡಂ ಮುಖ ಅರಳಿತು. ಇಷ್ಟೆಲ್ಲ ಹೇಗೆ ಕಲ್ಪಿಸಿಕೊಂಡಿರಿ ಎಂದು ಕೇಳಿದರು.

"ಮೂರನೇ ಕಣ್ಣು ಮಾತ್ರ ಕಲ್ಪನೆ ಮೇಡಂ. ಉಳಿದದ್ದೆಲ್ಲ ನೋಡಿ ಹೇಳಿದ್ದು."

ಸಭೆಯ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದವು. ಮುಂದಿನ ತಿಂಗಳಿಂದ ಮಾತಾಡುವವಳು ಅವಳೇ ಎಂದು ಅಲ್ಲೇ ತೀರ್ಮಾನವಾಯಿತು. ಹೊರಡುವಾಗ ಹಿರಿಯರೊಬ್ಬರು ಹತ್ತಿರ ಬಂದು, ಕನ್ನಡಕ (ನಾನೇ ಮಾಡಿಕೊಟ್ಟದ್ದು) ಸರಿಮಾಡಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿ, ಹೆಂಡತಿಯ ಕಡೆ ತಿರುಗಿದರು.

"ಮೂಲಕ್ಕಿಂತ ನೀವು ಹೇಳಿದ್ದೇ ಚೆನ್ನಾಗಿದೆಯಮ್ಮ."