ನಲ್ಲಿಕಟ್ಟೆಯ ಗಣಿತ

ಮಕ್ಕಳು ಹುಣಿಸೆ ಬೀಜ ತಿಂದದ್ದೇ ಎಲ್ಲ ಅನರ್ಥಕ್ಕೂ ಮೂಲ.

ಧಾರಾವಿಯ ಒಂದು ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಪಾಠ ಹೇಳುತ್ತಿದ್ದ ತಿರುಮಲೇಶ ಮಾಸ್ತರರು ಇನ್ನೂ ಹಂಗಾಮಿ. ಇವತ್ತು ಬರಲಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಮೆಚ್ಚಿ ನಾಲ್ಕು ಸಾಲು ಬರೆದರೆ ಕೆಲಸ ಕಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಿ ಮತ್ತೆ ಮೈಸೂರಿನ ಮಾವನ ಮನೆಯ ಜಗಲಿ. ಸ್ವಾತಂತ್ರ್ಯ ಬಂದ ಮೇಲೆ ಮೇಲಿನವರಿಗೆ ಹೊಸ ಹುರುಪು ಹುಟ್ಟಿ, ಇನ್ನು ಮುಂದೆ ಮಗ್ಗಿ ಬಾಯಿಪಾಠ ಸಾಕು, ಮಕ್ಕಳು ಕೈಯಿಂದ ಮುಟ್ಟಿ, ಕೂಡಿಸಿ, ಕಳೆದು ಲೆಕ್ಕ ಕಲಿಯತಕ್ಕದ್ದು ಎಂದು ಸುತ್ತೋಲೆ ಹೊರಡಿಸಿದ್ದರು. ಏನನ್ನು ಮುಟ್ಟಬೇಕು, ಅದನ್ನು ಯಾರು ಕೊಡಬೇಕು ಎಂಬ ಬಗ್ಗೆ ಸುತ್ತೋಲೆ ಬಾಯಿ ಬಿಟ್ಟಿರಲಿಲ್ಲ. ಮಾಸ್ತರರು ಮನೆಮನೆ ತಿರುಗಿ ಹುಣಿಸೆ ಬೀಜ ಬೇಡಿ ತಂದು, ತೊಳೆದು ಒಣಗಿಸಿ, ಕಳೆಯುವ ಲೆಕ್ಕ ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ಮಕ್ಕಳಿಗೆ ಹಂಚಿ ಕಳಿಸಿದ್ದರು.

ಬೆಳಿಗ್ಗೆ ತಾವು ಬಾಡಿಗೆಗಿದ್ದ ಚಾಳಿನ ಮೆಟ್ಟಿಲ ಮೇಲೆ ಪಕ್ಕದ ಮನೆ ಕಾಶವ್ವನ ಮಗಳು ಅಕ್ಕು ಸಿಕ್ಕಳು.

"ಬೀಜ ಎಲ್ಲಮ್ಮ?"

"ತಿಂದ್ವಿರಿ ಸರ್. ಹುರದ್ರ ಭಾಳ ಛಲೋ ಇರ್ತಾವ."

"ಎಲ್ಲರೂನಾ?"

"ಎಲ್ಲಾರೂರಿ!" ಎಂದು ಹೇಳಿ ಅಕ್ಕು ಶಾಲೆಯ ಕಡೆ ಓಡಿದಳು. ಕಳೆಯುವ ಲೆಕ್ಕ ಇಷ್ಟು ಚೆನ್ನಾಗಿ ಮಕ್ಕಳ ಹೊಟ್ಟೆಗಿಳಿದದ್ದು ಮಾಸ್ತರರಿಗೆ ಇದೇ ಮೊದಲು.

ಇನ್ನೇನು ಗತಿ ಎಂದುಕೊಂಡು ಅಂಗಳಕ್ಕಿಳಿದರೆ, ನಲ್ಲಿಯ ಎದುರು ದೇವರೇ ಜೋಡಿಸಿಟ್ಟ ಹಾಗೆ ಸಾಲಾಗಿ ಕಲ್ಲುಗಳು! ಬಿಳಿಯದು, ಕೆಂಪಿನದು, ಒಡೆದ ಗುಂಡುಕಲ್ಲು, ಎಲ್ಲಕ್ಕಿಂತ ಮುಂದೆ ಕರಿಯದೊಂದು ನುಣುಪಾದ ಚಪ್ಪಟೆ ಕಲ್ಲು. ಮಾಸ್ತರರು ಆಕಾಶಕ್ಕೆ ಕೈಮುಗಿದು, ಅತ್ತಿತ್ತ ನೋಡಿ, ಅಷ್ಟನ್ನೂ ಚೀಲಕ್ಕೆ ತುಂಬಿಕೊಂಡರು.

ಆ ಚಾಳಿಗೆ ನೀರು ಬರುತ್ತಿದ್ದದ್ದು ಸಂಜೆ. ಅಲ್ಲಿಯವರೆಗೆ ಬಿಸಿಲಲ್ಲಿ ನಿಲ್ಲಲು ಯಾರಿಗೆ ಪುರಸೊತ್ತು? ಬೆಳಗಿನಲ್ಲೇ ತಂತಮ್ಮ ಕಲ್ಲು ತಂದಿಟ್ಟು ಹೋದರೆ ಆ ಕಲ್ಲೇ ಆ ಮನೆಯ ಹೆಂಗಸು. ಕಲ್ಲಿದ್ದವರಿಗೆ ಪಾಳಿ, ಇಲ್ಲದವರಿಗೆ ಸಾಲಿನ ಬಾಲ. ಇದು ಚಾಳಿನ ಎಳೆಗೂಸಿಗೂ ಗೊತ್ತು. ಮಾಸ್ತರರಿಗೆ ಗೊತ್ತಿರಲಿಲ್ಲ. ಅವರು ನೀರನ್ನು ಹಂಡೆಯಲ್ಲಿ ಮಾತ್ರ ನೋಡಿದ್ದವರು.

ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಮಾಸ್ತರರು ಮಕ್ಕಳಿಗೆ ಕಲ್ಲು ಹಂಚಿ ಪಾಠ ಶುರುಮಾಡಿದರು.

"ಅಕ್ಕು, ನಿನ್ನ ಕೈಲಿ ಏನಿದೆ?"

ಅಕ್ಕು ಬಿಳಿಯ ಕಲ್ಲನ್ನು ತಿರುಗಿಸಿ ನೋಡಿ ಕಣ್ಣರಳಿಸಿದಳು. "ಇದು ನಮ್ಮವ್ವರಿ ಸರ್! ಆ ಕೆಂಪಂದು ಬಸಲಿಂಗವ್ವ ಚಿಗವ್ವ."

"ವಸ್ತುಗಳೊಡನೆ ಎಂಥ ಆತ್ಮೀಯತೆ!" ಎಂದು ಸಾಹೇಬರು ಬರೆದುಕೊಂಡರು. ಮಾಸ್ತರರು ಉಬ್ಬಿಹೋದರು.

"ಸರಿ, ಇವೆರಡನ್ನೂ ಕೂಡಿಸಿದರೆ ಏನಾಗುತ್ತಮ್ಮ?"

"ಜಗಳ ಆಗ್ತೈತ್ರಿ," ಎಂದಳು ಅಕ್ಕು.

ಅಷ್ಟರಲ್ಲಿ ಬಾಗಿಲಲ್ಲಿ ಕೊಡಗಳ ಸದ್ದು. ಕಾಶವ್ವ ಮುಂದೆ, ಬಸಲಿಂಗವ್ವ ಅವಳ ಬೆನ್ನಿಗೆ, ಹಿಂದೆ ಇಡೀ ಚಾಳು; ಮಾಸ್ತರರು ಚೀಲ ತುಂಬಿದ್ದನ್ನು ಯಾರೋ ಕಿಟಕಿಯಿಂದ ಕಂಡಿದ್ದರು. ಮಾಸ್ತರರ ಹೆಂಡತಿ ಅಲಮೇಲು ಒಬ್ಬಳು ಮಾತ್ರ ಬಂದಿರಲಿಲ್ಲ; ಮಾಟುಂಗಾ ಮಾರ್ಕೆಟ್ಟಿಗೆ ಹೋಗಿದ್ದಳು.

"ಮಾಸ್ತರ, ಕಲ್ಲ ಕದಿಯೂದು ಯಾವ ಸಾಲ್ಯಾಗ ಕಲತ್ರಿ?" ಎಂದು ಕಾಶವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎರಡನೇ ಪಾಳಿ ನಂದಿತ್ತು!"

"ಎರಡನೇದ್ದು ನಂದು! ನಿಂದು ಮೂರನೇದ್ದು," ಎಂದಳು ಬಸಲಿಂಗವ್ವ.

ಸಾಹೇಬರು ಆನಂದದಿಂದ ಎದ್ದು ನಿಂತರು. "ಭೇಷ್! ಒಂದನೆಯದು, ಎರಡನೆಯದು, ಮೂರನೆಯದು! ತಾಯಂದಿರಿಗೂ ಲೆಕ್ಕ ಕಲಿಸಿದ್ದೀರಾ? ಅಂದಹಾಗೆ ಮೊದಲನೆಯದು ಯಾರದಮ್ಮ?"

"ಯಾರದೋ ಏನೋರಿ. ಆ ಕರೀ ಕಲ್ಲ ನಾವು ಹಿಂದ ನೋಡಿಲ್ಲ. ನಾವು ಏಳೂದರಾಗ ಯಾರೋ ಇಟ್ಟ ಹೋಗಿದ್ರು," ಎಂದು ಕಾಶವ್ವ ತನ್ನ ಕಲ್ಲನ್ನು ಮಗಳ ಕೈಯಿಂದ ಕಿತ್ತುಕೊಂಡಳು. ಉಳಿದವರೂ ತಂತಮ್ಮ ಕಲ್ಲು ಆರಿಸಿಕೊಂಡು, ಎರಡನೆಯದು ಯಾರದೆಂದು ದಾರಿಯುದ್ದಕ್ಕೂ ಕಿತ್ತಾಡುತ್ತ ಹೋದರು. ನೆಲದ ಮೇಲೆ ಕರಿಯ ಕಲ್ಲು ಒಂದೇ ಉಳಿಯಿತು.

ಸಾಹೇಬರ ಹುಬ್ಬು ಗಂಟಾಯಿತು. "ಏನ್ರೀ ಇದು? ಎಲ್ಲವೂ ಪರರ ಸೊತ್ತೇ? ನೀವು ಸ್ವಂತ ಶ್ರಮದಿಂದ ತಂದದ್ದು ಒಂದೂ ಇಲ್ಲವೇ?"

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಮಾಸ್ತರರಿಗೆ ಕಲ್ಲು ಸಿಕ್ಕಿತು. ಅದನ್ನೇ ಎದೆಗೊತ್ತಿಕೊಂಡು, "ಇದು ನನ್ನದೇ ಸಾರ್! ನಮ್ಮೂರ ಕಾವೇರಿ ಹೊಳೇಲಿ ಆರಿಸಿ, ಶಾಲೆಗೆ ಅಂತಲೇ ತಂದೆ," ಎಂದು ಹಸಿ ಸುಳ್ಳು ಬಿಟ್ಟರು.

"ಶಹಬ್ಬಾಸ್!" ಎಂದು ಸಾಹೇಬರು ಕಲ್ಲನ್ನು ತಡವಿ ನೋಡಿದರು. ಕೂಡಲೇ ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿ, ಶಾಲೆಯ ಸಾಮಾನಿನ ದಫ್ತರದಲ್ಲಿ ಏರಿಸಿ, ಹೆಡ್‌ಮಾಸ್ತರ ಸಿದ್ದರಾಮಪ್ಪನವರಿಂದ ಕಪಾಟಿನಲ್ಲಿ ಬೀಗ ಹಾಕಿಸಿದರು. ಕೊನೆಗೆ ಷರಾ ಬರೆದರು: "ಗಣಿತ ಉಪಕರಣ ಉತ್ತಮವಾಗಿದೆ, ಕಾಯಂ ಇಡತಕ್ಕದ್ದು. ಮಾಸ್ತರರನ್ನು ಇನ್ನೊಂದು ವರ್ಷ ನೋಡೋಣ."

ಮಾಸ್ತರರು ಕಾಲೆಳೆದುಕೊಂಡು ಚಾಳಿಗೆ ಬಂದಾಗ ನಲ್ಲಿಯ ಮುಂದೆ ನೂಕುನುಗ್ಗಲು. ಸಾಲಿನ ಕಟ್ಟಕಡೆಯಲ್ಲಿ ಎರಡು ಖಾಲಿ ಕೊಡ ಹಿಡಿದು ಅಲಮೇಲು ನಿಂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ನೋಡೀಂದ್ರೆ, ಯಾವನೋ ಕಳ್ಳ ನನ್ನ ಕಲ್ಲು ಹೊತ್ಕೊಂಡು ಹೋಗಿದಾನೆ! ಮೊದಲನೇ ಪಾಳಿ ನಂದು ಅಂದ್ರೆ ಕಾಶವ್ವ, ಹಂಗಾರ ಕಲ್ಲ ತೋರಸ್ರಿ ಅಂತ ನಗ್ತಾರೆ, ಕದ್ದದ್ದು ಯಾರು ಅಂದ್ರೆ ಬಾಯಿ ಬಿಡಲ್ಲ."

"ನಿನ್ನ ಕಲ್ಲಾ? ಎಂಥ ಕಲ್ಲೇ ಅದು?"

"ಅದೇ, ಉಪ್ಪಿನಕಾಯಿ ಜಾಡಿಯೊಳಗೆ ಅದುಮಿಡೋದಕ್ಕೆ ನಮ್ಮಮ್ಮ ಕಾವೇರಿ ಹೊಳೆಯಿಂದ ಆರಿಸಿಕೊಟ್ಟ ಕರೀ ಕಲ್ಲು. ಇವತ್ತು ನಿಮ್ಮದು ಕಾಯಂ ಆಗುತ್ತೆ, ಚಾಳಿಗೆಲ್ಲ ಪಾಯಸ ಹಂಚೋಣ ಅಂತ ಇನ್ನೂ ಕತ್ತಲಿರೋವಾಗ್ಲೇ ಎದ್ದು ಎಲ್ಲರಿಗಿಂತ ಮುಂದೆ ಇಟ್ಟಿದ್ದೆ."

ಮದುವೆಯಾದಾಗಿನಿಂದ ಆ ಜಾಡಿಯ ಉಪ್ಪಿನಕಾಯಿ ಚಪ್ಪರಿಸಿದ್ದ ಮಾಸ್ತರರು ಒಂದು ದಿನವೂ ಜಾಡಿಯೊಳಗೆ ಇಣುಕಿದವರಲ್ಲ. ಹೆಂಡತಿಯ ಮುಖ ನೋಡಲಾರದಷ್ಟು ನಾಚಿಕೆಯಾಯಿತು.

ಅಲಮೇಲು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡಿ. ಕಾಯಂ ಆಯ್ತಾ, ಅದು ಹೇಳಿ."

"ಆಯ್ತು."

ಅವಳ ಮುಖ ಅರಳಿತು. "ನಿಮ್ಮ ಕೆಲಸ?"

"ಕೆಲಸ ಅಲ್ಲ ಕಣೇ," ಎಂದರು ಮಾಸ್ತರರು. "ಕಲ್ಲು."

ಅಷ್ಟರಲ್ಲಿ ನಲ್ಲಿ ಬುಸ್ಸೆಂದು ಉಸಿರುಬಿಟ್ಟು ನಿಂತುಹೋಯಿತು.